ಮೂರೂವರೆ ಚದರದ ತೂಕ

ಮನೆ ನೋಡದೆ ಫೋನಿನಲ್ಲಿ ರೇಟು ಹೇಳಬಾರದು ಎಂದು ನಾನು ಎಷ್ಟೋ ಜನ ಹೊಸಬರಿಗೆ ಬುದ್ಧಿ ಹೇಳಿದ್ದೇನೆ. ಆ ದಿನ ಸುಂಕದಕಟ್ಟೆ ಬಸ್‌ಸ್ಟಾಪಿನಲ್ಲಿ ನಿಂತು ನಾನೇ ಹೇಳಿಬಿಟ್ಟೆ. ಬಸ್ಸು ಬಂದು ನಿಂತಿತ್ತು. ಒಂದು ಕೈಯಲ್ಲಿ ಟೇಪು, ಲೆವೆಲ್ ಟ್ಯೂಬು ತುಂಬಿದ ಬ್ಯಾಗು, ಇನ್ನೊಂದರಲ್ಲಿ ಫೋನು. ಆ ಕಡೆಯಿಂದ ಮಾತಾಡುತ್ತಿದ್ದವರು ಹೆಗ್ಗನಹಳ್ಳಿಯ ಹಳೇ ಊರಿನ ಒಬ್ಬ ಮನೆ ಮಾಲೀಕರು. ಮನೆಯ ಹಿಂಭಾಗಕ್ಕೆ ಕಲ್ಲು ಚಪ್ಪಡಿಯ ಸೂರು ಇದೆ, ಸೋರುತ್ತದೆ, ಅದನ್ನು ತೆಗೆದು ಕಾಂಕ್ರೀಟಿನ ಮೋಲ್ಡ್ ಹಾಕಿಸಬೇಕು, ಮೂರೂವರೆ ಚದರ ಬರುತ್ತದೆ ಎಂದರು. ನೂರು ಚದರಡಿಗೆ ಒಂದು ಚದರ ಎನ್ನುವುದು ನಮ್ಮ ಕಡೆಯ ಲೆಕ್ಕ. ಬಂದು ನೋಡಿ ಹೇಳುತ್ತೇನೆ ಎಂದೆ. ಅವರು ಬಿಡಲಿಲ್ಲ.

“ಅಂದಾಜು ಹೇಳಿ ಮೇಡಂ, ನಿಮ್ಮನ್ನೇನು ಕೋರ್ಟಿಗೆ ಎಳೀತೀನಾ.”

ಚದರಕ್ಕೆ ಮೂವತ್ತೈದು ಸಾವಿರ ಆಗಬಹುದು ಎಂದು ಹೇಳಿ ಬಸ್ಸು ಹತ್ತಿದೆ. ಕಬ್ಬಿಣ, ಸಿಮೆಂಟು, ಜಲ್ಲಿ, ಸೆಂಟ್ರಿಂಗು, ಕೂಲಿ ಎಲ್ಲ ಸೇರಿಸಿದರೆ ಹೊಸ ಮೋಲ್ಡಿಗೆ ಅಷ್ಟು ಬೀಳುತ್ತದೆ, ಅದು ಸುಳ್ಳಲ್ಲ. ಹೊಸದನ್ನು ಹಾಕುವ ಮುಂಚೆ ಹಳೆಯದನ್ನು ಇಳಿಸಬೇಕು ಎನ್ನುವುದನ್ನು ಮಾತ್ರ ನಾನು ಯೋಚನೆಗೇ ತಂದುಕೊಂಡಿರಲಿಲ್ಲ. ಮನೆ ರಿಪೇರಿಯ ಅಂದಾಜು ಪಟ್ಟಿ ಬರೆದುಕೊಡುವುದೇ ನನ್ನ ಹೊಟ್ಟೆಪಾಡು. ಇಪ್ಪತ್ತು ವರ್ಷದಿಂದ ಇದೇ ಮಾಡಿಕೊಂಡು ಬಂದವಳು ಹೀಗೆ ಬಾಯಿ ಬಿಟ್ಟೆನಲ್ಲ ಎಂದು ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ.

ನಾಲ್ಕು ದಿನ ಬಿಟ್ಟು ಮನೆ ನೋಡಲು ಹೋದೆ. ಅಷ್ಟರಲ್ಲಿ ಆ ಮೂವತ್ತೈದು ಸಾವಿರ ಅವರ ಮನೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತ್ತು. ಮಾಘದಲ್ಲಿ ಮಗಳ ಮದುವೆ. ಮದುವೆ ಛತ್ರದಲ್ಲಿ, ಬೀಗರೂಟ ಮಾತ್ರ ಮನೆಯ ತಾರಸಿಯ ಮೇಲೆ. ಆ ಮನೆಯಲ್ಲಿ ನಡೆದ ಪ್ರತಿ ಮದುವೆಯ ಬೀಗರೂಟವೂ ಅಲ್ಲೇ ನಡೆದಿದೆಯಂತೆ. ಅದಕ್ಕೆ ಮುಂಚೆ ಹೊಸ ಮೋಲ್ಡ್ ಆಗಬೇಕು, ಒಂದು ಲಕ್ಷದ ಇಪ್ಪತ್ತೆರಡೂವರೆ ಸಾವಿರ, ಮೂರು ವಾರದ ಕೆಲಸ ಎಂದು ಮಾಲೀಕರು ನೆಂಟರಿಗೆಲ್ಲ ಹೇಳಿಕೊಂಡಿದ್ದರು. ಮನೆಯಾಕೆ ನನಗೆ ಕಾಫಿ ಕೊಡುವಾಗ “ರೇಟು ಸರಿಯಾಗಿ ಹೇಳಿದ್ರಂತೆ, ಇವ್ರಿಗೆ ತುಂಬಾ ಸಂತೋಷ ಆಯ್ತು” ಎಂದರು. ನಾನು ಲೋಟ ಕೆಳಗಿಟ್ಟು ಟೇಪು ತೆಗೆದೆ.

ಮುಂಭಾಗದಲ್ಲಿ ಮಾಲೀಕರ ಸಂಸಾರ. ಹಿಂಭಾಗದ ಮೂರು ಕೋಣೆ ಬಾಡಿಗೆಗೆ. ಅಲ್ಲಿದ್ದಾಕೆ ಕೊಪ್ಪಳದ ಕಡೆಯವರು, ಜೋಳದ ರೊಟ್ಟಿ ಮಾಡಿ ಮಾರುತ್ತಿದ್ದರು. ಗಂಡ ಬೈಕಿನಲ್ಲಿ ಊಟದ ಪೊಟ್ಟಣ ಹಂಚುವ ಕೆಲಸದಲ್ಲಿದ್ದ. ನಾನು ಹೋದಾಗ ಬೆಳಿಗ್ಗೆ ಹತ್ತು ಗಂಟೆ, ಅಡಿಗೆಕೋಣೆಯಲ್ಲಿ ಮೂರು ಒಲೆ ಉರಿಯುತ್ತಿದ್ದವು. ಆಕೆ ಮತ್ತು ಅವರ ತಂಗಿ ತಟ್ಟುತ್ತಿದ್ದರು, ಸುಟ್ಟ ರೊಟ್ಟಿ ಬುಟ್ಟಿಯಲ್ಲಿ ಎದೆಮಟ್ಟ ಏರಿತ್ತು. ನಾನು ಟೇಪು ಹಿಡಿದು ಗೋಡೆಯಿಂದ ಗೋಡೆಗೆ ಅಳೆಯುವಾಗ ಆಕೆ ಕೈ ನಿಲ್ಲಿಸದೆ ಮಾತು ಶುರು ಮಾಡಿದರು. ಮೇಲಿಂದ ಹುಡಿ ಬೀಳುತ್ತದೆ, ಹಿಟ್ಟಿನಲ್ಲಿ ಮಣ್ಣು ಬರುತ್ತದೆ, ಗಿರಾಕಿಗಳು ಕೇಳುತ್ತಾರೆ ಎಂದರು. ಬಾಡಿಗೆ ಇಳಿಸಿಕೊಳ್ಳುವುದಕ್ಕೆ ಹೇಳುವ ಮಾತು ಎಂದುಕೊಂಡು ನಾನು ಹೂಂಗುಟ್ಟಿದೆ. ಬಾಡಿಗೆಯವರ ಮಾತು ಹೀಗೆ ಅರ್ಧ ಕಿವಿಯಲ್ಲಿ ಕೇಳುವ ಕೆಟ್ಟ ಅಭ್ಯಾಸ ನನಗೆ ಬಹಳ ದಿನದಿಂದ ಇತ್ತು.

ಮೂರನೇ ಸಲ ಹೇಳಿದಾಗ ಆಕೆ ಎದ್ದು ನಿಂತು ಸೂರಿನತ್ತ ಕೈ ತೋರಿಸಿದರು. ನಡು ಒಲೆಯ ಸ್ವಲ್ಪ ಈಚೆಗೆ, ಸುಣ್ಣ ಬಳಿದ ಗಿಲಾವಿನ ಮೇಲೆ, ಬೂದು ಬಣ್ಣದ ಒಂದು ಗೆರೆ ಅಂಟಿಸಿದ ಹಾಗೆ ಕಂಡಿತು.

“ಜ್ವಾಳದ ಹಿಟ್ಟು ನಾದಿ ನಾನಽ ಮೆತ್ತೇನ್ರಿ. ಮೂರು ಸಲ ಮೆತ್ತೀನಿ, ಮೂರೂ ಸಲ ಸೀಳೇತ್ರಿ.”

ಹಿಟ್ಟು ಒಣಗಿದರೆ ಬಿರುಕು ಬಿಡುತ್ತಮ್ಮ ಎಂದೆ. ಆಕೆಗೆ ಅದು ಗೊತ್ತಿಲ್ಲದ ವಿಷಯವೇನಲ್ಲ, ಹಿಟ್ಟಿನ ಜೊತೆಗೇ ಬದುಕುವವರು. ಹಿಟ್ಟು ಒಣಗಿ ಬಿರಿದರೆ ಅಡ್ಡಾದಿಡ್ಡಿ ಬಿರಿಯುತ್ತದೆ, ಇದು ಪ್ರತಿ ಸಲವೂ ಒಂದೇ ಜಾಗದಲ್ಲಿ, ಒಂದೇ ನೇರಕ್ಕೆ ಸೀಳಿದೆ ಎಂದರು. ನಾನು ಸ್ಟೂಲು ಹತ್ತಿ ಟಾರ್ಚು ಬಿಟ್ಟು ನೋಡಿದೆ. ಅವರು ಹೇಳಿದ್ದು ನಿಜವಾಗಿತ್ತು. ಗೆರೆಯ ಉದ್ದಕ್ಕೂ, ಕತ್ತರಿಸಿದ ಹಾಗೆ, ನೆಟ್ಟಗೆ ಸೀಳಿತ್ತು. ಬಿರುಕು ಇನ್ನೂ ಬೆಳೆಯುತ್ತಿದೆಯೋ ಇಲ್ಲವೋ ಎಂದು ತಿಳಿಯಲು ನಾವು ಅದರ ಮೇಲೆ ಗಟ್ಟಿಯಾಗುವ ಪುಡಿಯ ಪಟ್ಟಿ ಹಾಕಿ, ದಿನಾಂಕ ಬರೆದು, ಅದು ಸೀಳುತ್ತದೆಯೇ ಎಂದು ಕಾಯುತ್ತೇವೆ. ಕಾಲೇಜಿನಲ್ಲಿ ಹೇಳಿಕೊಡುವ ಪರೀಕ್ಷೆ ಅದು. ಆಕೆ ಅದನ್ನು ಜೋಳದ ಹಿಟ್ಟಿನಲ್ಲಿ ಮೂರು ಸಲ ಮಾಡಿ ಮುಗಿಸಿದ್ದರು.

ಆದರೂ ಹಿಟ್ಟನ್ನು ನಂಬಿ ಅಂದಾಜು ಪಟ್ಟಿ ಬರೆಯುವ ಹಾಗಿಲ್ಲ. ಅಂಗಡಿಯಿಂದ ಪ್ಲಾಸ್ಟರ್ ಆಫ್ ಪ್ಯಾರಿಸ್ ತರಿಸಿ, ಬಿರುಕಿನ ಅಡ್ಡಕ್ಕೆ ಎರಡು ಬೆರಳಗಲದ ಪಟ್ಟಿ ಮೂರು ಕಡೆ ಹಾಕಿದೆ. ಮೂರು ದಿನ ಬಿಟ್ಟು ಬರುತ್ತೇನೆ, ಯಾರೂ ಮುಟ್ಟಬೇಡಿ ಎಂದೆ. ಒಲೆಯನ್ನು ಸ್ವಲ್ಪ ಆ ಕಡೆ ಸರಿಸಿಕೊಳ್ಳಿ ಎಂದು ಮಾತ್ರ ಹೇಳಿದೆ, ಯಾಕೆ ಎಂದು ಹೇಳಲಿಲ್ಲ.

ಆಮೇಲೆ ತಾರಸಿ ಹತ್ತಿದೆ. ಮೇಲ್ಮೈ ನೋಡಲು ಚೆಂದಾಗಿತ್ತು, ಬಿಳಿ ಟೈಲ್ಸ್ ಚೂರುಗಳನ್ನು ಒತ್ತೊತ್ತಾಗಿ ಕೂರಿಸಿದ್ದರು, ಅದರ ಮೇಲೆ ನೀರು ತಡೆಯುವ ಬಣ್ಣ. ಪ್ಯಾರಪೆಟ್ ಗೋಡೆ ಮಾತ್ರ ನನ್ನ ಮೊಣಕಾಲಿಗಿಂತ ಸ್ವಲ್ಪ ಮೇಲಿತ್ತು ಅಷ್ಟೇ. ಮಕ್ಕಳು ಓಡಾಡುವ ಮನೆಯಲ್ಲಿ ಇಷ್ಟು ತಗ್ಗು ಗೋಡೆ ಯಾರು ಕಟ್ಟುತ್ತಾರೆ ಎಂದು ಬೈದುಕೊಂಡೆ. ಗೋಡೆ ತಗ್ಗಾಗಿರಲಿಲ್ಲ, ತಾರಸಿ ಎತ್ತರಕ್ಕೆ ಬೆಳೆದಿತ್ತು ಎನ್ನುವುದು ಹೊರಗಿನಿಂದ ಅಳೆದಾಗ ತಿಳಿಯಿತು. ಒಳಗೆ ನೆಲದಿಂದ ಸೂರಿನ ತಳಕ್ಕೆ ಎಷ್ಟು, ಹೊರಗೆ ಅದೇ ಮಟ್ಟದಿಂದ ತಾರಸಿಯ ಮೇಲ್ಮೈಗೆ ಎಷ್ಟು, ಎರಡನೆಯದರಲ್ಲಿ ಮೊದಲನೆಯದನ್ನು ಕಳೆದರೆ ಸೂರಿನ ದಪ್ಪ ಸಿಗುತ್ತದೆ. ನಾಲ್ಕಿಂಚಿನ ಕಲ್ಲು, ಅದರ ಮೇಲೆ ಎರಡಿಂಚು ಗಾರೆ, ಒಟ್ಟು ಆರಿಂಚು ಬರಬೇಕಿತ್ತು. ಬಂದದ್ದು ಹದಿನೈದು. ಟೇಪು ತಪ್ಪಾಗಿ ಹಿಡಿದೆ ಎಂದುಕೊಂಡು ಇನ್ನೊಂದು ಮೂಲೆಯಲ್ಲಿ ಅಳೆದೆ. ಅಲ್ಲೂ ಹದಿನೈದೇ.

ಮಾರನೇ ದಿನ ಮೇಸ್ತ್ರಿಯನ್ನು ಕರೆದುಕೊಂಡು ಹೋದೆ. ಅವರು ನನ್ನ ಜೊತೆ ಹನ್ನೆರಡು ವರ್ಷದಿಂದ ಇರುವವರು, ಮಾತು ಕಡಿಮೆ, ಕೈ ಸೂಕ್ಷ್ಮ. ಸುತ್ತಿಗೆ ಜೋರಾಗಿ ಬೀಸಬೇಡಿ, ಉಳಿಯಲ್ಲಿ ಕೆರೆದು ತೆಗೆಯಿರಿ ಎಂದೆ. ಬಿರುಕಿನಿಂದ ದೂರಕ್ಕೆ, ಗೋಡೆಯ ತಲೆಯ ಮೇಲೆ ಬರುವ ಹಾಗೆ, ಒಂದಡಿ ಅಗಲ ಒಂದಡಿ ಉದ್ದದ ಗುಂಡಿ ತೋಡಿಸಿದೆ. ಮಾಲೀಕರು ಕುರ್ಚಿ ತರಿಸಿಕೊಂಡು ಪಕ್ಕದಲ್ಲೇ ಕೂತರು.

ಮೊದಲು ಬಂದದ್ದು ಟೈಲ್ಸ್ ಚೂರು, ಅದರ ಕೆಳಗಿನ ಸಿಮೆಂಟು ಸೇರಿ ಎರಡಿಂಚು. ಅದರಡಿಯಲ್ಲಿ ಕೋಳಿಗೂಡಿಗೆ ಹಾಕುವಂಥ ತಂತಿಬಲೆ ಇಟ್ಟು ಹಾಕಿದ ಕಾಂಕ್ರೀಟು, ಎರಡೂವರೆ ಇಂಚು. ಆಮೇಲೆ ಕಪ್ಪು ಡಾಂಬರು ಹಾಳೆ. ಅದರ ಕೆಳಗೆ ಕೆಂಪು ಮಣ್ಣಿನ ಬಿಲ್ಲೆಗಳು, ಅವುಗಳ ಹಾಸು ಸೇರಿ ಎರಡಿಂಚು. ಅದಕ್ಕೂ ಕೆಳಗೆ ಇಟ್ಟಿಗೆ ಜಲ್ಲಿ, ಸುಣ್ಣ ಬೆರೆಸಿ ಬಡಿದದ್ದು, ಎರಡೂವರೆ ಇಂಚು. ಅಷ್ಟೂ ಮುಗಿದ ಮೇಲೆ ಮೂಲದ ಗಾರೆ, ಕೊನೆಗೆ ಕಲ್ಲು. ಮೇಸ್ತ್ರಿ ಪ್ರತಿ ಪದರದ ಚೂರನ್ನು ಪ್ಯಾರಪೆಟ್ಟಿನ ಮೇಲೆ ಸಾಲಾಗಿ ಇಡುತ್ತಾ ಹೋದರು. ನನ್ನ ಮುಖ ಬಿಳಿಚಿಕೊಂಡಿರಬೇಕು, ಅವರು ಒಮ್ಮೆ ನನ್ನತ್ತ ನೋಡಿ ನೀರಿನ ಬಾಟಲಿ ಕೊಟ್ಟರು.

ಮಾಲೀಕರ ಮುಖ ಮಾತ್ರ ಅರಳಿತ್ತು. ಎದ್ದು ಬಂದು ಆ ಚೂರುಗಳನ್ನು ಒಂದೊಂದಾಗಿ ಮುಟ್ಟಿ ತೋರಿಸಿದರು. ಇಟ್ಟಿಗೆ ಜಲ್ಲಿ ಅವರ ಅಕ್ಕನ ಮದುವೆಗೆ ಅಪ್ಪ ಹಾಕಿಸಿದ್ದು. ಕೆಂಪು ಬಿಲ್ಲೆ ಅಣ್ಣನ ಮದುವೆಯದು. ಡಾಂಬರು ಹಾಳೆ ಹಾಸಿ ಕಾಂಕ್ರೀಟು ಹಾಕಿದ್ದು ಇವರದೇ ಮದುವೆಗೆ. ಟೈಲ್ಸ್ ಚೂರು ತಮ್ಮನದು. ಬೀಗರು ಎಲೆ ಮುಂದೆ ಕೂರುವ ಜಾಗ ಹೊಸದಾಗಿ, ಅಚ್ಚುಕಟ್ಟಾಗಿ ಇರಬೇಕು, ಸೋರಿದ ಕಲೆ ಇರಬಾರದು. ಹಾಗೆಂದು ಹಳೆಯದನ್ನು ಕೀಳುವಂತಿಲ್ಲ, ಶುಭಕಾರ್ಯ ಎದುರಿಗಿಟ್ಟುಕೊಂಡು ಮನೆಯ ನೆತ್ತಿ ಒಡೆಯಬಾರದು ಎನ್ನುವುದು ಆ ಮನೆಯವರ ನಂಬಿಕೆ. ಹಾಗಾಗಿ ಪ್ರತಿ ಮದುವೆಗೂ ಒಂದು ಪದರ ಮೇಲೇರಿತ್ತು. ಈ ಸಲ ಒಡೆಯಲು ಒಪ್ಪಿದ್ದು ಚಪ್ಪರದ ಶಾಸ್ತ್ರಕ್ಕೆ ಇನ್ನೂ ಎರಡು ತಿಂಗಳಿದೆ ಎನ್ನುವ ಧೈರ್ಯದಲ್ಲಿ, ನಾನು ಹೇಳಿದ ರೇಟಿನ ಖುಷಿಯಲ್ಲಿ.

“ಒಂದೊಂದೂ ಗಟ್ಟಿ ಕೆಲ್ಸ ಮೇಡಂ, ನೋಡಿ. ಈಗಿನೋರು ಹಿಂಗೆ ಮಾಡ್ತಾರಾ?”

ಈಗಿನವಳಾದ ನಾನೂ ಹಾಗೇ ಮಾಡಿದ್ದೆ. ಈ ಮನೆಯಲ್ಲಲ್ಲ, ಬೇರೆ ಮನೆಗಳಲ್ಲಿ. ಸೋರುತ್ತದೆ ಎಂದು ಕರೆದವರಿಗೆಲ್ಲ, ಖರ್ಚು ಕಡಿಮೆ ಮಾಡಿಕೊಡಲು, ‘ಹಳೇ ಪದರ ಕೀಳದೆ ಅದರ ಮೇಲೆಯೇ’ ಎಂದು ಎಷ್ಟು ಪಟ್ಟಿಗಳಲ್ಲಿ ಬರೆದಿದ್ದೇನೋ ಲೆಕ್ಕವಿಲ್ಲ. ಕೆಳಗೆ ಎಷ್ಟು ಪದರ ಇದೆ ಎಂದು ಒಂದು ಮನೆಯಲ್ಲೂ ಗುಂಡಿ ತೋಡಿಸಿ ನೋಡಿರಲಿಲ್ಲ.

ಮುಂದಿನ ಎರಡು ದಿನ ಅಂದಾಜು ಪಟ್ಟಿ ಬರೆಯುತ್ತಾ ಕೂತೆ. ಅಷ್ಟು ವರ್ಷದ ಕೆಲಸದಲ್ಲಿ ಒಂದು ಸೂರಿನ ಖರ್ಚು ಎಲ್ಲಿರುತ್ತದೆ ಎನ್ನುವುದು ನನಗೆ ಆಗಲೇ ಅರ್ಥವಾಗಿದ್ದು. ಹೊಸ ಮೋಲ್ಡು ಪಟ್ಟಿಯ ಚಿಕ್ಕ ಭಾಗವಾಗಿತ್ತು. ಆ ಓಣಿಗೆ ಟ್ರ್ಯಾಕ್ಟರ್ ಬರುವುದಿಲ್ಲ, ಆಟೋ ಕೂಡ ಉಸಿರು ಹಿಡಿದುಕೊಂಡು ಬರಬೇಕು. ಆದ್ದರಿಂದ ಒಡೆದ ಪ್ರತಿ ಬಾಂಡ್ಲಿ ಮಣ್ಣನ್ನೂ ತಲೆಯ ಮೇಲೆ ಹೊತ್ತು ಮುಖ್ಯರಸ್ತೆಯ ಲಾರಿಗೆ ಸುರಿಯಬೇಕು. ಕಲ್ಲನ್ನು ಚೈನ್ ಪುಲ್ಲಿ ಕಟ್ಟಿ ಇಳಿಸಬೇಕು. ಕೆಳಗಿನ ಗೋಡೆಗಳು ಮಣ್ಣಿನಲ್ಲಿ ಕಟ್ಟಿದ ಕಲ್ಲುಗೋಡೆಗಳು, ಅವುಗಳ ಮೇಲೆ ನೇರವಾಗಿ ಮೋಲ್ಡು ಕೂರಿಸುವಂತಿಲ್ಲ, ಸುತ್ತಲೂ ಕಾಂಕ್ರೀಟಿನ ಪಟ್ಟಿ ಹಾಕಬೇಕು. ಕೆಲಸ ಮುಗಿಯುವವರೆಗೆ ಊರುಗೋಲಿನ ಹಾಗೆ ನಿಲ್ಲಿಸುವ ಜಾಕಿಗಳ ಬಾಡಿಗೆ, ಕರೆಂಟಿನ ವೈರು, ಮುಂಭಾಗಕ್ಕೂ ಹಿಂಭಾಗಕ್ಕೂ ನಡುವಿನ ಗೋಡೆಯ ರಿಪೇರಿ. ಕೂಡಿಸಿದೆ. ನಾಲ್ಕು ಲಕ್ಷದ ಅರವತ್ತು ಸಾವಿರ ಬಂತು. ಅದರಲ್ಲಿ ಹಳೆಯದನ್ನು ಇಳಿಸುವುದಕ್ಕೇ ಹೊಸದಕ್ಕಿಂತ ಜಾಸ್ತಿ. ಮೂರು ಸಲ ಕೂಡಿಸಿ ನೋಡಿದೆ, ಕಡಿಮೆಯಾಗಲಿಲ್ಲ.

ಪಟ್ಟಿ ಕೊಟ್ಟಾಗ ಮಾಲೀಕರು ಕನ್ನಡಕ ಹಾಕಿಕೊಂಡು ಮೊದಲು ಕೊನೆಯ ಸಾಲನ್ನೇ ನೋಡಿದರು. ಆಮೇಲೆ ಕೂಗಾಡಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು, ಅವರು ಮೆತ್ತಗೆ ಮಾತಾಡಿದರು.

“ಫೋನಲ್ಲಿ ನೀವೇ ಹೇಳಿದ್ದಲ್ವಾ ಮೇಡಂ. ನಾನು ಊರಿಗೆಲ್ಲ ಹೇಳ್ಕೊಂಡ್ ಬಂದಿದೀನಿ.”

ತಪ್ಪು ನನ್ನದೇ ಎಂದೆ. ಕಾರಣ ವಿವರಿಸಿದೆ, ಬಿರುಕಿನ ವಿಷಯ ಹೇಳಿದೆ, ಕೂಡಲೇ ಜಾಕಿ ಕೊಡಬೇಕು, ಹಿಂದಿನ ಕೋಣೆ ಖಾಲಿ ಮಾಡಿಸಬೇಕು ಎಂದೆ. ಅವರು ಆಗಲೇ ಬೇರೆ ದಾರಿಗೆ ಹೊರಳಿದ್ದರು. ಮದುವೆ ಮುಂದಿಟ್ಟುಕೊಂಡು ಒಡೆಯಬಾರದು ಎಂದು ದೊಡ್ಡವರು ಹೇಳುವುದು ಸುಮ್ಮನೆಯಾ ಎಂದರು. ಗುಂಡಿ ತೋಡುವಾಗ ಅಡ್ಡ ಬರದಿದ್ದ ಈ ಶಾಸ್ತ್ರ ಪಟ್ಟಿ ನೋಡಿದ ಮೇಲೆ ಅಡ್ಡ ಬಂತು. ಸದ್ಯಕ್ಕೆ ಆ ಗುಂಡಿ ಮುಚ್ಚಿಸಿ, ಮೇಲೊಂದು ಒಳ್ಳೇ ಕೋಟು ಹಾಕಿಸಿಬಿಡಿ, ಮದುವೆ ಕಳೆಯಲಿ, ಆಮೇಲೆ ನೋಡೋಣ ಎಂದರು. ಬೀಗರೂಟಕ್ಕೆ ತಾರಸಿಯ ಮೇಲೆ ಎಷ್ಟು ಜನ ಕೂರುತ್ತಾರೆ ಎಂದು ಕೇಳಿದೆ. ಒಂದು ಪಂಕ್ತಿಗೆ ಐವತ್ತು ಎಂದರು. ಬಾಡಿಗೆಯವರಿಗೆ ಏನೂ ಹೇಳಬೇಡಿ, ಸುಮ್ಮನೆ ಹೆದರುತ್ತಾರೆ ಎಂದೂ ಸೇರಿಸಿದರು.

ನಮ್ಮ ಕಸುಬಿನಲ್ಲಿ ಇದೊಂದು ಕಟ್ಟಳೆ. ಕರೆಸಿದವರಿಗೆ ಮಾತ್ರ ವರದಿ, ಅವರ ಬಾಡಿಗೆಯವರ ಹತ್ತಿರ ಬಾಯಿ ಬಿಡಬಾರದು. ಬಿಟ್ಟರೆ ಆ ಓಣಿಯಲ್ಲಿ ಇನ್ನೊಂದು ಕೆಲಸ ಸಿಗುವುದಿಲ್ಲ. ನಾನೂ ಆ ಕಟ್ಟಳೆ ಪಾಲಿಸಿಕೊಂಡೇ ಬಂದಿದ್ದೆ. ಪ್ಲಾಸ್ಟರ್ ಪಟ್ಟಿ ನೋಡುವುದು ಬಾಕಿ ಇದೆ, ಅದನ್ನು ನೋಡಿಕೊಂಡು ಹೋಗುತ್ತೇನೆ ಎಂದು ಹಿಂದಕ್ಕೆ ನಡೆದೆ. ಮನೆಯಾಕೆ ಎರಡು ಡಬ್ಬ ಹಿಡಿದು ರೊಟ್ಟಿ ತರಲೆಂದು ನನ್ನ ಜೊತೆಗೇ ಬಂದರು.

ಒಳಗೆ ಮೂರು ಒಲೆಯೂ ಉರಿಯುತ್ತಿದ್ದವು. ನಾನು ಹೇಳಿದ ಹಾಗೆ ನಡು ಒಲೆಯನ್ನು ಒಂದು ಗೇಣು ಸರಿಸಿಕೊಂಡಿದ್ದರು, ಅದಕ್ಕಿಂತ ಜಾಸ್ತಿ ಸರಿಸಲು ಅಲ್ಲಿ ಜಾಗವೇ ಇರಲಿಲ್ಲ. ಸ್ಟೂಲು ಹತ್ತಿದೆ. ಬಿಸಿಲಿನ ಏರಿಳಿತಕ್ಕೆ ಕೂದಲೆಳೆಯಷ್ಟು ಗೆರೆ ಬಂದಿರಬಹುದು ಎಂದು ಮನಸ್ಸಿಗೆ ಹೇಳಿಕೊಂಡಿದ್ದೆ. ಮೂರೂ ಪಟ್ಟಿ ನಡುವೆ ಮುರಿದಿದ್ದವು. ಬ್ಯಾಗಿನಿಂದ ನನ್ನ ವಿಸಿಟಿಂಗ್ ಕಾರ್ಡು ತೆಗೆದು ಆ ಸೀಳಿಗೆ ಹಿಡಿದೆ. ಸಲೀಸಾಗಿ ಒಳಕ್ಕೆ ಹೋಯಿತು, ನನ್ನ ಹೆಸರಿನವರೆಗೂ ಹೋಯಿತು. ಗೋಡೆಯಿಂದ ಗೋಡೆಗೆ ದಾರ ಎಳೆದು ನೋಡಿದರೆ ಸೂರಿನ ನಡು ಅರ್ಧ ಇಂಚು ಕೆಳಗಿತ್ತು. ಮರವಾದರೆ ಬಾಗುತ್ತದೆ, ಬಾಗಿಕೊಂಡು ವರ್ಷಗಟ್ಟಲೆ ಇರುತ್ತದೆ. ಕಲ್ಲು ಬಾಗುವುದಿಲ್ಲ, ಒಡೆಯುತ್ತದೆ. ಅದು ಆಗಲೇ ಬಹುಪಾಲು ಒಡೆದಿತ್ತು, ಅಕ್ಕಪಕ್ಕದ ಕಲ್ಲುಗಳ ನಡುವೆ ಸಿಕ್ಕಿಕೊಂಡು ನಿಂತಿತ್ತು ಅಷ್ಟೇ. ಅದರ ಕೆಳಗೆ ಇಬ್ಬರು ಹೆಂಗಸರು ದಿನಕ್ಕೆ ಎಂಟು ತಾಸು ಕೂತು ರೊಟ್ಟಿ ತಟ್ಟುತ್ತಿದ್ದರು.

ಸ್ಟೂಲಿನಿಂದ ಇಳಿಯುವಷ್ಟರಲ್ಲಿ ನಿರ್ಧಾರವಾಗಿ ಹೋಗಿತ್ತು, ಯೋಚಿಸಿ ಮಾಡಿದೆ ಎಂದು ಹೇಳಿಕೊಳ್ಳಲಾರೆ. ಏನೆಂದು ಹೇಳಬೇಕು ಎನ್ನುವುದು ಮಾತ್ರ ಗೊತ್ತಾಗಲಿಲ್ಲ. ಟನ್ನು, ಘನ ಅಡಿ ಎಂದರೆ ಯಾರ ಎದೆಗೂ ಇಳಿಯುವುದಿಲ್ಲ, ಮಾಲೀಕರಿಗೆ ಹಾಗೆ ಹೇಳಿಯೇ ಸೋತಿದ್ದೆ. ಮೂಲೆಯಲ್ಲಿ ಜೋಳದ ಚೀಲಗಳು ಕಂಡವು. ಇದು ಎಷ್ಟು ಕೆಜಿಯದು ಎಂದು ಕೇಳಿದೆ. ಐವತ್ತು ಎಂದರು. ಆ ಕೋಣೆ ಒಂಬತ್ತಡಿಗೆ ಹದಿಮೂರಡಿ. ಮದುವೆಗಳಿಗೆಂದು ಹಾಕಿದ ಪದರ ಒಂಬತ್ತಿಂಚು. ಹಾಳೆಯ ಹಿಂದೆ ಗುಣಿಸಿ ಭಾಗಿಸಿದೆ.

“ಈ ಕೋಣೆ ಸೂರಿನ ಮೇಲೆ ಇಂಥ ಚೀಲ ತೊಂಬತ್ತಾರು ಇಟ್ಟ ಹಾಗಿದೆಯಮ್ಮ. ಕೆಳಗಿನ ಕಲ್ಲು ಒಡೆದಿದೆ.”

ಆಕೆ ತಟ್ಟುತ್ತಿದ್ದ ಕೈ ನಿಲ್ಲಿಸಿದರು. ಮೂಲೆಯ ಚೀಲಗಳನ್ನು ನೋಡಿದರು. ಅಲ್ಲಿದ್ದವು ನಾಲ್ಕು. ಆಮೇಲೆ ಸೂರನ್ನು ನೋಡಿದರು. ತೊಂಬತ್ತಾರು ಚೀಲವನ್ನು ಒಂದರ ಮೇಲೊಂದು ಕಣ್ಣಲ್ಲೇ ಪೇರಿಸುತ್ತಿದ್ದಾರೆ ಎನಿಸಿತು.

“ನಮ್ಮ ತಲಿ ಮ್ಯಾಲಽರಿ?”

ಹೌದು ಎಂದೆ. ಆಕೆ ಬಗ್ಗಿ ಒಂದೊಂದೇ ಒಲೆ ಆರಿಸಿದರು. ಹಂಚಿನ ಮೇಲಿದ್ದ ರೊಟ್ಟಿ ಅಲ್ಲೇ ಅರ್ಧ ಬೆಂದು ಉಳಿಯಿತು. ತಂಗಿಯ ತೋಳು ಹಿಡಿದು ಎಬ್ಬಿಸಿ ಹೊರಗೆ ಕಳಿಸಿದರು, ತಾವು ಹಿಟ್ಟಿನ ಪರಾತ ಎತ್ತಿಕೊಂಡು ಹಿಂದೆಯೇ ಬಂದರು. ಆ ಕೋಣೆ ನಿಶ್ಶಬ್ದವಾಗಿದ್ದನ್ನು ನಾನು ಅದೇ ಮೊದಲ ಸಲ ಕೇಳಿದ್ದು.

ಬಾಗಿಲಲ್ಲೇ ನಿಂತಿದ್ದ ಮನೆಯಾಕೆ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಡಬ್ಬಗಳನ್ನು ಅಲ್ಲೇ ನೆಲದ ಮೇಲಿಟ್ಟು ಸರಸರ ಮುಂಭಾಗಕ್ಕೆ ಹೋದರು. ನಾನು ಹಿಂದೆಯೇ ಹೋದೆ. ಅವರು ಗಂಡನ ಎದುರು ನಿಂತು, ಧ್ವನಿ ಏರಿಸದೆ ಕೇಳಿದ ಮಾತು ಇದು.

“ನಾವು ಹೆಣ್ಣು ಕೊಡೋ ಬೀಗರನ್ನ ಕರೆಸಿ ಅಲ್ಲಿ ಎಲೆ ಹಾಕ್ತೀರಾ? ಕೆಳಗೆ ಈ ಹೆಂಗಸ್ರು, ಮೇಲೆ ನಮ್ಮ ಮಗಳ ಅತ್ತೆ ಮಾವ?”

ಮಾಲೀಕರು ಹೆಂಡತಿಗೆ ಉತ್ತರ ಕೊಡದೆ ನನ್ನ ಮೇಲೆ ಹರಿಹಾಯ್ದರು. ಹೇಳಬೇಡಿ ಅಂದದ್ದನ್ನೇ ಹೇಳಿದ್ದೀರಿ, ಇನ್ನು ಈ ಮನೆಯ ಹೊಸ್ತಿಲು ತುಳಿಯಬೇಡಿ ಎಂದರು. ಸರಿ, ತುಳಿಯುವುದಿಲ್ಲ, ಆದರೆ ಜಾಕಿ ನಿಲ್ಲಿಸಿಯೇ ಹೋಗುತ್ತೇನೆ ಎಂದೆ. ಓಣಿಗೆ ಬಂದು ಮೇಸ್ತ್ರಿಗೆ ಫೋನು ಮಾಡಿದೆ. ಒಂದು ಗಂಟೆಯಲ್ಲಿ ಎಂಟು ಜಾಕಿ, ನಾಲ್ಕು ಮರದ ಹಲಗೆ ಲಗೇಜ್ ಆಟೋದಲ್ಲಿ ಬಂದವು. ಮಾಲೀಕರು ಮುಂಬಾಗಿಲಲ್ಲಿ ಅಡ್ಡ ನಿಂತಿದ್ದರು. ಮೇಸ್ತ್ರಿ ಏನೂ ವಾದ ಮಾಡದೆ ಪಕ್ಕದ ಸಂದಿಯಿಂದ ಹಿಂದಕ್ಕೆ ಹೋಗಿ, ಅಡಿಗೆಕೋಣೆಯಲ್ಲಿ ಹಲಗೆ ಕೊಟ್ಟು, ಒಂದೊಂದೇ ಜಾಕಿಯನ್ನು ಕಲ್ಲು ಮುಟ್ಟುವವರೆಗೆ ತಿರುಗಿಸಿದರು. ಏಳನೆಯದನ್ನು ಬಿಗಿಯುವಾಗ ಸೂರಿನಿಂದ ಬೊಗಸೆಯಷ್ಟು ಗಿಲಾವು ಕಳಚಿ, ಸ್ವಲ್ಪ ಹೊತ್ತಿನ ಮುಂಚೆ ಆಕೆ ಕೂತಿದ್ದ ಮಣೆಯ ಮೇಲೆ ಬಿತ್ತು. ಆ ಸದ್ದಿಗೆ ಮಾಲೀಕರು ಒಳಗೆ ಬಂದರು. ಮಣೆ ನೋಡಿದರು. ಬಿರುಕು ಈಗ ಆ ಚಪ್ಪಡಿಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಬರಿಗಣ್ಣಿಗೇ ಕಾಣುತ್ತಿತ್ತು. ಅವರು ಅದನ್ನು ನೋಡುತ್ತಾ ನಿಂತರು, ಆಮೇಲೆ ಹೋಗಿ ಜಗಲಿಯ ಮೇಲೆ ಕೂತುಬಿಟ್ಟರು.

ಅವತ್ತು ಸಂಜೆಯೇ ಮನೆಯಾಕೆ ಮುಂದಿನ ಜಗಲಿಗೆ ತಗಡು ಕಟ್ಟಿಸಿ ರೊಟ್ಟಿಯ ಒಲೆಗಳಿಗೆ ಜಾಗ ಮಾಡಿಕೊಟ್ಟರು. ರೊಟ್ಟಿಯಾಕೆಯ ಸಂಸಾರಕ್ಕೆ ಮುಂಭಾಗದ ಒಂದು ಕೋಣೆ ಬಿಟ್ಟರು. ಮೂರು ದಿನ ಬಿಟ್ಟು ಮಾಲೀಕರಿಂದ ನನಗೆ ಫೋನು ಬಂತು. ಹೊಸ್ತಿಲಿನ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಕೆಲಸ ಯಾವತ್ತು ಶುರು ಮಾಡುತ್ತೀರಿ ಎಂದು ಮಾತ್ರ ಕೇಳಿದರು. ದುಡ್ಡಿಗೆ ಏನು ಮಾಡಿದರು ಎಂದು ನಾನು ವಿಚಾರಿಸಲಿಲ್ಲ. ಮಗಳ ಮದುವೆಯ ಛತ್ರ ಮಾತ್ರ ಬದಲಾಯಿತು, ಚಿಕ್ಕದಾಯಿತು.

ಇಳಿಸುವ ಕೆಲಸಕ್ಕೆ ಹತ್ತೊಂಬತ್ತು ದಿನ ಹಿಡಿಯಿತು. ಯಂತ್ರ ಬಳಸಲಿಲ್ಲ, ಅದರ ಅದುರುವಿಕೆಗೆ ಉಳಿದ ಕಲ್ಲೂ ಬಿದ್ದರೆ ಗತಿಯೇನು ಎಂಬ ಭಯ. ಸೂರಿನ ಅಂಚಿನಿಂದ ನಡುವಿಗೆ, ಮೇಲಿನ ಪದರದಿಂದ ಕೆಳಗಿನ ಪದರಕ್ಕೆ, ಉಳಿ ಸುತ್ತಿಗೆಯಲ್ಲೇ ಬಿಡಿಸಿಕೊಂಡು ಬಂದರು. ಒಡೆದದ್ದನ್ನು ತಾರಸಿಯ ಮೇಲೆ ಗುಡ್ಡೆ ಹಾಕುವಂತಿಲ್ಲ, ಆಗಿನದ್ದನ್ನು ಆಗಲೇ ಇಳಿಸಬೇಕು. ಆರು ಜನ ತಲೆಯ ಮೇಲೆ ಸಿಂಬಿ ಇಟ್ಟು ಓಣಿಯುದ್ದಕ್ಕೂ ಹೊತ್ತರು. ಬಾಂಡ್ಲಿಗಳು ಹೋಗುವುದನ್ನು ರೊಟ್ಟಿಯಾಕೆ ಜಗಲಿಯಿಂದ ನೋಡುತ್ತಿದ್ದರು. ಮಾಲೀಕರು ಪ್ರತಿ ಪದರ ಮುಗಿದಾಗ ಮೇಲೆ ಹತ್ತಿ ಬರುತ್ತಿದ್ದರು. ಯಾವುದು ಯಾರ ಮದುವೆಯದು ಎಂದು ಈಗ ಹೇಳುತ್ತಿರಲಿಲ್ಲ.

ಕಲ್ಲು ಇಳಿಸುವ ದಿನ ನಾನು ಬೆಳಿಗ್ಗೆಯಿಂದ ಅಲ್ಲೇ ಇದ್ದೆ. ಮೊದಲ ಆರು ಚಪ್ಪಡಿ ಒಂದೊಂದಾಗಿ ಇಡಿಯಾಗಿ ಬಂದವು. ಏಳನೆಯದು ಒಲೆಯ ನೆತ್ತಿಯ ಮೇಲಿನದು. ಮೇಸ್ತ್ರಿ ಅದಕ್ಕೆ ಎರಡು ಕಡೆ ಬೆಲ್ಟು ಸುತ್ತಿ ಸರಪಳಿ ಎಳೆಸಿದರು. ಕಲ್ಲು ಗೋಡೆಯಿಂದ ನಾಲ್ಕು ಬೆರಳು ಮೇಲೆದ್ದಿತು, ಅಷ್ಟೇ. ಎರಡು ಭಾಗವಾಗಿ, ಒಂದೊಂದು ಬೆಲ್ಟಿನಲ್ಲಿ ಒಂದೊಂದು ತುಂಡು ನೇತಾಡಿತು. ಯಾರೂ ಸುತ್ತಿಗೆ ತಾಗಿಸಿರಲಿಲ್ಲ. ಒಡೆದ ಬಾಯಿಯಲ್ಲಿ ಬಹುಪಾಲು ಹೊಗೆ ಹಿಡಿದು ಕಪ್ಪಾಗಿತ್ತು, ಹಳೆಯ ಬಿರುಕು. ಉಳಿದದ್ದು ಬೆಳ್ಳಗೆ ಹೊಸದಾಗಿತ್ತು. ಆ ಬೆಳ್ಳಗಿನ ಭಾಗ ನನ್ನ ಅಂಗೈಯಗಲ ಇತ್ತು. ಇಷ್ಟು ದಿನ ಅವರ ತಲೆಯ ಮೇಲಿನ ಭಾರ ಹೊತ್ತು ನಿಂತಿದ್ದು ಅಷ್ಟೇ ಕಲ್ಲು.

ಮಾಲೀಕರು ಕೆಳಗೆ ಅಂಗಳದಲ್ಲಿ ನಿಂತು ಆ ಎರಡು ತುಂಡು ಇಳಿಯುವುದನ್ನು ನೋಡಿದರು. ನಾನು ಇಳಿದು ಬಂದಾಗ ನನ್ನನ್ನು ಕರೆದು, “ಮೇಡಂ, ಇದು ಯಾರಿಗಾದ್ರೂ ಮೊದ್ಲೇ ಗೊತ್ತಾಗ್ಬೇಕಿತ್ತಲ್ವಾ?” ಎಂದು ಕೇಳಿದರು. ಕೆಣಕುವುದಕ್ಕೆ ಕೇಳಿದ್ದಲ್ಲ. ಅವರಿಗೆ ನಿಜವಾಗಿಯೂ ತಿಳಿಯಬೇಕಿತ್ತು. ಗೊತ್ತಾಗಬೇಕಿತ್ತು ಎಂದೆ. ಅದನ್ನು ಗೊತ್ತು ಮಾಡಿಕೊಳ್ಳಬೇಕಾದ ಕೆಲಸ ನನ್ನಂಥವರದು ಎಂದು ಹೇಳಲು ಬಾಯಿ ಬರಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಅಟ್ಟದ ಮೇಲಿಂದ ನನ್ನ ಹಳೇ ಪಟ್ಟಿಗಳ ಕಟ್ಟು ಇಳಿಸಿದೆ. ತಾರಸಿ ಸೋರುವ ಕೆಲಸದವನ್ನೆಲ್ಲ ಬೇರೆ ತೆಗೆದೆ. ‘ಹಳೇ ಪದರ ಕೀಳದೆ ಅದರ ಮೇಲೆಯೇ’ ಎಂದಿದ್ದವು ನಲವತ್ತೊಂದು. ಅಕ್ಷರ ನನ್ನದೇ. ರಾಜಾಜಿನಗರ, ಬಸವೇಶ್ವರನಗರ, ಕೆಂಗೇರಿ, ಎಲ್ಲ ಕಡೆಯವೂ ಇದ್ದವು. ಮೊದಲು ಕೈಗೆ ಸಿಕ್ಕಿದ್ದು ಆರ್‌ಪಿಸಿ ಲೇಔಟಿನ ಒಂದು ಹಳೇ ಮನೆಯದು. ಆ ಮನೆಯ ಆಂಟಿಗೆ ಫೋನು ಮಾಡಿದೆ. ಎಷ್ಟೋ ವರ್ಷದ ಮೇಲೆ ಮಾಡಿದ್ದಕ್ಕೆ ಅವರಿಗೆ ಖುಷಿಯೋ ಖುಷಿ. ತಾರಸಿ ಹೇಗಿದೆ ಎಂದು ಕೇಳಿದೆ.

“ಒಂದ್ ಹನಿ ಸೋರ್ತಿಲ್ಲ ಕಣಮ್ಮ. ನೀನು ಹಾಕ್ಸಿದ್ದು ಅಷ್ಟು ಚೆನ್ನಾಗಿತ್ತು ಅಂತ, ಹೋದ್ ವರ್ಷ ಅದ್ರ ಮೇಲೇ ಇನ್ನೊಂದು ಹಾಕ್ಸಿದ್ವಿ.”

ಅದರ ಕೆಳಗಿನ ಕೋಣೆಯಲ್ಲಿ ಯಾರು ಮಲಗುತ್ತಾರೆ ಎಂದು ಕೇಳಿದೆ.

“ಸೊಸೆ, ಮಗು. ಯಾಕಮ್ಮ?”

ಟೇಪು ತಗೊಂಡು ಈಗಲೇ ಬರ್ತಾ ಇದೀನಿ ಆಂಟಿ, ಅಲ್ಲಿವರೆಗೂ ಮಗೂನ ಆ ಕೋಣೆಗೆ ಬಿಡಬೇಡಿ ಎಂದೆ.